ಚಹಾದ ಎಲೆಯೂ ಕಾರ್ಯಕಾರಣವಿಚಾರವೂ

ಭೂಮಿಯ ಮೇಲಣ ಗಿಡಮರಗಳಿಗೆಲ್ಲ ಕುಲನಾಮ ಜಾತಿನಾಮಗಳನ್ನಿತ್ತು ಅವನ್ನು ಒಂದು ವ್ಯವಸ್ಥೆಗೆ ತಂದ ಸ್ವೀಡನ್ ದೇಶದ ಲಿನ್ನೇಯಸನು, ತನ್ನ ಮಹಾಗ್ರಂಥದ ಮೊದಲನೆಯ ಆವೃತ್ತಿಯಲ್ಲಿ, ಎಂದರೆ 1753ರಲ್ಲಿ, ಚಹಾದ ಗಿಡವನ್ನು ಒಂದೇ ಜಾತಿಯದೆಂದು ಬರೆದಿದ್ದನಾದರೂ, 1762ರಲ್ಲಿ ಹೊರಟ ಎರಡನೆಯ ಆವೃತ್ತಿಯಲ್ಲಿ ಆ ಮಾತನ್ನು ಬಿಟ್ಟು, ಕಪ್ಪು ಚಹಾವನ್ನು ಕೊಡುವ ಗಿಡ ಒಂದು, ಹಸಿರು ಚಹಾವನ್ನು ಕೊಡುವ ಗಿಡ ಬೇರೊಂದು ಎಂದು ಎರಡು ಜಾತಿಗಳನ್ನು ಎಣಿಸಿದನು. ಯುರೋಪಿನಲ್ಲಿ ಬಹುಮಂದಿ ಬಹುಕಾಲ ಈ ವಿಭಾಗವನ್ನೇ ನಂಬಿ ನಡೆದರು. 1840ರ ದಶಕದಲ್ಲಿ ಸ್ಕಾಟ್ಲೆಂಡಿನ ಸಸ್ಯಾನ್ವೇಷಕನಾದ ರಾಬರ್ಟ್ ಫಾರ್ಚ್ಯೂನ್ ಎಂಬುವನು ಚೀನದೇಶದ ಚಹಾಪ್ರಾಂತಗಳಲ್ಲಿ ಸಂಚರಿಸಿ ಗಿಡಗಳನ್ನು ಕಣ್ಣಾರೆ ನೋಡಿ, ಒಂದೇ ಬಗೆಯ ಗಿಡದ ಎಲೆಯಿಂದ ಎರಡು ಚಹಾಗಳೂ ಆಗುತ್ತವೆ, ಭೇದವಿರುವುದು ಪಾಕಕ್ರಮದಲ್ಲಿ ಎಂಬುದನ್ನು 1847ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಸ್ಪಷ್ಟಪಡಿಸಿದನು. ಚೀನದ ಬೇಸಾಯಗಾರರಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ.

ಲಿನ್ನೇಯಸನಂಥ ಸೂಕ್ಷ್ಮದರ್ಶಿ ಎಡವಿದ್ದು ಹೇಗೆ ಎಂಬುದು ವಿಚಾರ ಮಾಡತಕ್ಕ ಸಂಗತಿ. ಒಂದು ಬಟ್ಟಲಿನಲ್ಲಿರುವುದು ತಿಳಿಹಸಿರು ಪಾನೀಯ. ಅದರಲ್ಲಿ ಎಳೆ ಹುಲ್ಲಿನ ವಾಸನೆಯುಂಟು, ಹುರಿದ ಕಾಳಿನ ವಾಸನೆಯುಂಟು. ಮತ್ತೊಂದರಲ್ಲಿರುವುದು ಕೆಂಪುವರ್ಣದ್ದು, ಒಗರಾದದ್ದು, ಮಾಗಿದ ಹಣ್ಣಿನ ಪರಿಮಳವುಳ್ಳದ್ದು. ವರ್ಣ, ರಸ, ಗಂಧ ಮೂರರಲ್ಲಿಯೂ ಇಷ್ಟು ಭಿನ್ನವಾದ ಎರಡು ಕಾರ್ಯಗಳನ್ನು ಕಂಡವನು, ಕಾರಣವೂ ಎರಡಿರಬೇಕೆಂದು ಊಹಿಸಿದರೆ ಆ ಊಹೆಯನ್ನು ಹುಚ್ಚೆನ್ನಲಾಗದು. ನಾವೆಲ್ಲರೂ ನಿತ್ಯದಲ್ಲಿ ಮಾಡುವ ಅನುಮಾನವೇ ಅದು. ಆದರೆ ಆ ಹೇತು ವ್ಯಭಿಚಾರಿಯೆಂದು ಚಹಾದ ಎಲೆ ತೋರಿಸಿಕೊಟ್ಟಿತು. ತೋರಿಸಿಕೊಟ್ಟು ಅದಕ್ಕಿಂತ ಕಠಿಣವಾದ ಪ್ರಶ್ನೆಯೊಂದನ್ನು ನಮ್ಮ ಮುಂದಿಟ್ಟಿತು. ಭೇದವು ಎಲೆಯಲ್ಲಿ ಇಲ್ಲವಾದರೆ ಬಂದುದೆಲ್ಲಿಂದ? ಬೆಂಕಿಯಿಂದಲೂ ಗಾಳಿಯಿಂದಲೂ ಬಂದಿತೆನ್ನೋಣವೆಂದರೆ, ಅದೇ ಬೆಂಕಿಯನ್ನೂ ಅದೇ ಗಾಳಿಯನ್ನೂ ಮಾವಿನ ಎಲೆಗೆ ತಾಕಿಸಿದಲ್ಲಿ ಚಹಾ ಆಗುವುದಿಲ್ಲ. ಎಲೆಯಲ್ಲಿಯೇ ಇತ್ತೆನ್ನೋಣವೆಂದರೆ, ಪರಸ್ಪರ ವಿರುದ್ಧವಾದ ಇಷ್ಟೊಂದು ಗುಣಗಳು ಒಂದೇ ಎಲೆಯಲ್ಲಿ ಹೇಗೆ ಕೂಡಿದ್ದವು?

ಇದು ನಮ್ಮ ದಾರ್ಶನಿಕರ ಹಳೆಯ ಕಲಹ. ಕಾರ್ಯವು ಹುಟ್ಟುವುದಕ್ಕೆ ಮೊದಲೇ ಕಾರಣದಲ್ಲಿ ಅವ್ಯಕ್ತವಾಗಿ ಇರುತ್ತದೆ, ಇಲ್ಲದ್ದು ಎಂದಿಗೂ ಹುಟ್ಟಲಾರದು ಎಂಬುದು ಸತ್ಕಾರ್ಯವಾದವೆನ್ನಿಸುವ ಸಾಂಖ್ಯರ ಪಕ್ಷ. ಈಶ್ವರಕೃಷ್ಣನು ತನ್ನ ಸಾಂಖ್ಯಕಾರಿಕೆಯಲ್ಲಿ ಇದಕ್ಕೆ ಐದು ಹೇತುಗಳನ್ನು ಕೊಟ್ಟಿದ್ದಾನೆ. ಎಣ್ಣೆ ಬೇಕಾದವನು ಎಳ್ಳನ್ನು ಹುಡುಕುತ್ತಾನಲ್ಲದೆ ಮರಳನ್ನು ಹುಡುಕುವುದಿಲ್ಲವಷ್ಟೆ. ಹಾಗಾದರೆ ಕುಂಬಾರನ ಶ್ರಮಕ್ಕೆ ಅರ್ಥವೇನು, ಗಡಿಗೆಯು ಮಣ್ಣಿನಲ್ಲಿ ಮೊದಲೇ ಇದ್ದಿದ್ದರೆ ಮಣ್ಣಿನ ಮುದ್ದೆಯಲ್ಲಿಯೇ ನೀರು ತರಬಹುದಾಗಿತ್ತಲ್ಲವೇ ಎಂದು ನೈಯಾಯಿಕರು ಕೇಳುತ್ತಾರೆ. ಅವರ ಮತದಲ್ಲಿ ಕಾರ್ಯವು ಹೊಸದಾಗಿ ಆರಂಭವಾಗತಕ್ಕದ್ದು, ಹಿಂದೆ ಇಲ್ಲದಿದ್ದದ್ದು. ಶತಶತಮಾನಗಳ ಕಾಲ ನಡೆದ ಈ ವಾದದಲ್ಲಿ ಎಳ್ಳು, ಎಣ್ಣೆ, ಹಾಲು, ಮೊಸರು, ಮಣ್ಣು, ಗಡಿಗೆ, ನೂಲು, ಬಟ್ಟೆ ಇವೇ ದೃಷ್ಟಾಂತಗಳಾಗಿ ತಿರುಗಿ ತಿರುಗಿ ಬಂದಿವೆ. ಇವುಗಳಲ್ಲಿ ಬಹುಪಾಲು ಒಂದು ಕಾರಣಕ್ಕೆ ಪ್ರಸಿದ್ಧವಾದ ಒಂದು ಕಾರ್ಯವನ್ನು ಜೋಡಿಸಿ ಹೇಳುವಂಥವು. ಎಳ್ಳನ್ನು ಗಾಣಕ್ಕೆ ಹಾಕಿದರೆ ಎಣ್ಣೆ, ಬೇರೆ ಗತಿಯಿಲ್ಲ. ಒಂದೇ ಉಪಾದಾನದಿಂದ, ಹೊರಗಿನಿಂದ ಯಾವ ದ್ರವ್ಯವನ್ನೂ ಬೆರೆಸದೆ, ಬಗೆಬಗೆಯ ಕಾರ್ಯಗಳು ಹೊರಡುವ ಚಹಾದ ಎಲೆಯಂಥ ದೃಷ್ಟಾಂತವು ನಮ್ಮ ಪೂರ್ವಾಚಾರ್ಯರ ಕೈಗೆ ಸಿಕ್ಕಿದ್ದರೆ ವಾದದ ಗತಿ ಬೇರೆಯಾಗುತ್ತಿತ್ತೋ ಏನೋ.

ಎಲೆಯ ಒಳಗೆ ಏನಿದೆ ಎಂಬುದನ್ನು ಮೊದಲು ನೋಡಬೇಕು. ಕೊಯ್ದು ತಂದ ಎರಡೆಲೆ ಒಂದು ಕುಡಿಯಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ನೀರೇ ಇರುತ್ತದೆ. ಉಳಿದುದರಲ್ಲಿ ಮುಖ್ಯವಾದುವು ಪಾಲಿಫಿನಾಲುಗಳೆಂಬ ಒಗರಾದ ದ್ರವ್ಯಗಳು. ಅವುಗಳನ್ನು ಗಾಳಿಯ ಆಮ್ಲಜನಕದೊಡನೆ ಕೂಡಿಸಿ ಮಾರ್ಪಡಿಸಬಲ್ಲ ಕಿಣ್ವವೂ ಅದೇ ಎಲೆಯಲ್ಲಿ, ಅದೇ ಜೀವಕೋಶದಲ್ಲಿ ಇದೆ; ಆದರೆ ದ್ರವ್ಯ ಒಂದು ಕೋಣೆಯಲ್ಲಿ, ಕಿಣ್ವ ಇನ್ನೊಂದು ಕೋಣೆಯಲ್ಲಿ, ನಡುವೆ ಅತಿ ತೆಳುವಾದ ಪೊರೆ. ಎಲೆ ಗಿಡದ ಮೇಲೆ ಅಕ್ಷತವಾಗಿ ಇರುವವರೆಗೆ ಇವೆರಡೂ ಪರಸ್ಪರ ಕೂಡದೆ ಇರುತ್ತವೆ. ಚಹಾ ಮಾಡುವವನ ವಿದ್ಯೆಯೆಲ್ಲವೂ ಈ ಪೊರೆಯನ್ನು ಒಡೆಯಬೇಕೋ ಬಾರದೋ, ಒಡೆದರೆ ಎಷ್ಟು, ಒಡೆದ ಮೇಲೆ ಎಷ್ಟು ಹೊತ್ತು ಬಿಡಬೇಕು ಎಂಬುದರಲ್ಲಿ ಅಡಗಿದೆ.

ನೀಲಗಿರಿಯ ಕೂನೂರಿನಲ್ಲಿ ಕಪ್ಪು ಚಹಾದ ಕಾರ್ಖಾನೆಯೊಂದನ್ನು ಒಳಹೊಕ್ಕು ನೋಡುವ ಅವಕಾಶ ನನಗೆ ಒದಗಿತ್ತು. ಉದ್ದನೆಯ ತೊಟ್ಟಿಗಳ ಬಲೆಯ ಮೇಲೆ ಹಸಿ ಎಲೆಯನ್ನು ಹರಡಿ, ಅಡಿಯಿಂದ ಗಾಳಿಯನ್ನು ಹಾಯಿಸಿ, ರಾತ್ರಿಯೆಲ್ಲ ಬಾಡಿಸಿರುತ್ತಾರೆ. ಬಾಡಿದ್ದು ಸಾಕೋ ಬೇಕೋ ಎಂಬುದಕ್ಕೆ ಅಲ್ಲಿಯ ಮೇಸ್ತ್ರಿಯ ಪರೀಕ್ಷೆ ಬಹು ಸರಳ: ಒಂದು ಹಿಡಿ ಎಲೆಯನ್ನು ಅಂಗೈಯಲ್ಲಿ ಹಿಸುಕಿ ಬಿಟ್ಟರೆ ಅದು ಸಟ್ಟನೆ ಬಿಚ್ಚಿಕೊಳ್ಳದೆ ಉಂಡೆಯಾಗಿಯೇ ಉಳಿಯಬೇಕು, ತೊಟ್ಟನ್ನು ಬಗ್ಗಿಸಿದರೆ ಲಟಕ್ಕೆಂದು ಮುರಿಯದೆ ಬಾಗಬೇಕು. ಅನಂತರ ಹೊಸೆಯುವ ಯಂತ್ರ. ಹಿತ್ತಾಳೆಯ ಏಣುಗಳುಳ್ಳ ಮೇಜಿನ ಮೇಲೆ ಎಲೆಯ ರಾಶಿ ಸುತ್ತಿ ಸುತ್ತಿ ತಿರುಚಿಕೊಂಡು, ಒದ್ದೆಯಾಗಿ, ತನ್ನ ರಸದಲ್ಲಿಯೇ ಅಂಟಿಕೊಂಡು ಹೊರಬರುತ್ತದೆ. ಆ ರಾಶಿಯನ್ನು ತಂಪಾದ ನೆಲದ ಮೇಲೆ ತೆಳ್ಳಗೆ ಹರಡಿದಾಗ, ನೋಡನೋಡುತ್ತಿದ್ದಂತೆ ಹಸಿರು ಮಾಸಿ, ಹೊಸ ತಾಮ್ರದ ಪಾತ್ರೆಯ ಬಣ್ಣ ಏರತೊಡಗುತ್ತದೆ. ಹುಲ್ಲಿನ ವಾಸನೆ ಇಳಿದು ಹಣ್ಣಿನ ವಾಸನೆ ಮೇಲೆದ್ದು ಬರುತ್ತದೆ. ಆ ವಾಸನೆ ತುದಿಗೇರಿದ ಕ್ಷಣವನ್ನು ಮೇಸ್ತ್ರಿ ಮೂಗಿನಿಂದಲೇ ಗುರುತಿಸಿ, ಎಲೆಯನ್ನು ಬಿಸಿಗಾಳಿಯ ಒಲೆಗೆ ಕಳುಹಿಸುತ್ತಾನೆ. ಅಲ್ಲಿ ನೀರು ನೂರಕ್ಕೆ ಮೂರು ಪಾಲಿನಷ್ಟಾಗುವವರೆಗೆ ಒಣಗಿ, ಮಾರ್ಪಾಡು ನಿಂತುಹೋಗುತ್ತದೆ. ನಮ್ಮ ಹೋಟೆಲುಗಳ ಚಹಾಪುಡಿ ಬಹುಮಟ್ಟಿಗೆ ಹೀಗೆ ಹೊಸೆದದ್ದಲ್ಲ, 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಳಕೆಗೆ ಬಂದ ಸಿ.ಟಿ.ಸಿ. ಯಂತ್ರದ ಹಲ್ಲುಳ್ಳ ಉರುಳೆಗಳ ನಡುವೆ ಅರೆದು, ಹರಿದು, ಗುಂಡಗೆ ಮಾಡಿದ್ದು. ಬೇಗ ಬಣ್ಣ ಬಿಡುವುದೇ ಅದರ ಹೆಚ್ಚುಗಾರಿಕೆ.

ಈ ಕ್ರಿಯೆಯನ್ನು ನೋಡುತ್ತಿದ್ದಾಗ ನನ್ನ ನೆನಪಿಗೆ ಬಂದದ್ದು ಯೋಗಸೂತ್ರದ ಕೈವಲ್ಯಪಾದದಲ್ಲಿ ಪತಂಜಲಿಯು ಹೇಳುವ ಒಂದು ಮಾತು. ನಿಮಿತ್ತಕಾರಣವು ಪ್ರಕೃತಿಯನ್ನು ಮುಂದಕ್ಕೆ ತಳ್ಳತಕ್ಕದ್ದಲ್ಲ, ಅಡ್ಡವಾಗಿರುವ ಆವರಣವನ್ನು ಭೇದಿಸುತ್ತದೆ ಅಷ್ಟೆ, ಬೇಸಾಯಗಾರನು ಗದ್ದೆಯ ಬದುವನ್ನು ಕಡಿಯುವ ಹಾಗೆ, ಎಂಬುದು ಅದರ ತಾತ್ಪರ್ಯ. ನೀರನ್ನು ಯಾರೂ ಕೈಯಿಂದ ಎತ್ತಿ ಸುರಿಯಬೇಕಾಗಿಲ್ಲ. ಬದು ಕಡಿದರೆ ಅದು ತಾನಾಗಿಯೇ ಕೆಳಗಿನ ಗದ್ದೆಗೆ ಹರಿಯುತ್ತದೆ. ಚಹಾದ ಎಲೆಯಲ್ಲಿ ಈ ಆವರಣಭೇದವು ಅಕ್ಷರಶಃ ನಡೆಯುತ್ತದೆ. ಹೊಸೆಯುವ ಯಂತ್ರವು ಎಲೆಗೆ ಯಾವ ಬಣ್ಣವನ್ನೂ ಬಳಿಯಲಿಲ್ಲ, ಯಾವ ಗಂಧವನ್ನೂ ತುಂಬಲಿಲ್ಲ, ನಡುವಣ ಪೊರೆಯನ್ನು ಹರಿಯಿತು. ದ್ರವ್ಯವೂ ಕಿಣ್ವವೂ ಗಾಳಿಯೂ ತಾವಾಗಿಯೇ ಕೂಡಿಕೊಂಡವು. ಕಪ್ಪು ಚಹಾ ಒಂದನ್ನೇ ಕಂಡವನು ಇಷ್ಟಕ್ಕೆ ಪುಸ್ತಕವನ್ನು ಮುಚ್ಚಿ, ಸತ್ಕಾರ್ಯವಾದವು ಸಿದ್ಧವಾಯಿತೆಂದು ಏಳಬಹುದು.

ಆದರೆ ಹಸಿರು ಚಹಾವಿದೆ. ಚೀನದ ಹಾಂಗ್‌ಚೌ ನಗರದ ಬಳಿ ಲೋಂಗ್‌ಜಿಂಗ್ ಚಹಾವನ್ನು ಮಾಡುವವರು, ಕೊಯ್ದ ಎಲೆಯನ್ನು ತುಸು ಹೊತ್ತು ಆರಹಾಕಿ, ಕಾದ ಕಬ್ಬಿಣದ ಬಾಂಡಲೆಗೆ ಹಾಕಿ, ಬರಿಗೈಯಿಂದಲೇ ಒತ್ತಿ, ತಿರುವಿ, ಚಪ್ಪಟೆ ಮಾಡಿ ಹುರಿಯುತ್ತಾರೆ. ಜಪಾನಿನವರು ಹುರಿಯುವುದಕ್ಕೆ ಬದಲಾಗಿ ಎಲೆಯನ್ನು ಹಬೆಯಲ್ಲಿ ಬೇಯಿಸುತ್ತಾರೆ. ಬೇಯಿಸಿ, ಹೊಸೆದು, ಒಣಗಿಸುವ ಸೆಂಚಾದ ಕ್ರಮವನ್ನು ಉಜಿ ಪ್ರಾಂತದ ನಾಗತಾನಿ ಸೋಯೆನ್ ಎಂಬುವನು 1738ರಲ್ಲಿ ರೂಪಿಸಿದನೆಂದು ಅಲ್ಲಿಯ ಇತಿಹಾಸ ಹೇಳುತ್ತದೆ. ಹುರಿಯಲಿ, ಹಬೆಯಾಡಿಸಲಿ, ಉದ್ದೇಶವೊಂದೇ: ಕಿಣ್ವವು ಕೆಲಸಕ್ಕೆ ತೊಡಗುವುದಕ್ಕೆ ಮುಂಚೆ ಬಿಸಿಯಿಂದ ಅದನ್ನು ನಿಶ್ಶಕ್ತಗೊಳಿಸುವುದು. ಆ ಮೇಲೆ ಎಲೆಯನ್ನು ಎಷ್ಟು ಹೊಸೆದರೂ ಪೊರೆ ಎಷ್ಟು ಹರಿದರೂ ಅದು ಕೆಂಪಾಗದು. ಇಲ್ಲಿ ಪತಂಜಲಿಯ ಬೇಸಾಯಗಾರನು ಬದುವನ್ನು ಕಡಿಯಲಿಲ್ಲ. ಇನ್ನೆಂದಿಗೂ ಕಡಿಯಲಾಗದ ಹೊಸ ಬದುವೊಂದನ್ನು ಕಟ್ಟಿದನು. ಹಸಿರು ಚಹಾದ ಹಸಿರು ಎಲೆಯಲ್ಲಿ ಮೊದಲೇ ಇತ್ತು, ದಿಟ. ಅದರಷ್ಟೇ ದಿಟವಾಗಿ ಅದರಲ್ಲಿ ಕಪ್ಪು ಚಹಾ ಆಗುವ ಶಕ್ತಿಯೂ ಇತ್ತು, ಆ ಶಕ್ತಿ ಬಾಂಡಲೆಯಲ್ಲಿ ಕೆಲವೇ ನಿಮಿಷಗಳಲ್ಲಿ ನಷ್ಟವಾಯಿತು. ಅವ್ಯಕ್ತವು ವ್ಯಕ್ತವಾಗುವುದನ್ನು ಸಾಂಖ್ಯರು ಬಹು ಚೆನ್ನಾಗಿ ವಿವರಿಸಿದ್ದಾರೆ. ಅವ್ಯಕ್ತವು ವ್ಯಕ್ತವಾಗದಂತೆ ತಡೆಯಲ್ಪಡುವುದನ್ನು, ಆ ತಡೆಯೇ ಒಂದು ಉತ್ತಮ ಕಾರ್ಯಕ್ಕೆ ಕಾರಣವಾಗುವುದನ್ನು, ಅವರು ತಕ್ಕಷ್ಟು ಚಿಂತಿಸಿದಂತೆ ನನಗೆ ತೋರುವುದಿಲ್ಲ.

ಇವೆರಡಕ್ಕೂ ನಡುವೆ ಇರುವ ಊಲೊಂಗ್ ಚಹಾವೇ ನನ್ನ ಎಣಿಕೆಯಲ್ಲಿ ಈ ವಿಚಾರಕ್ಕೆ ಎಲ್ಲಕ್ಕಿಂತ ಹೆಚ್ಚಿನ ಬೆಳಕನ್ನು ಕೊಡತಕ್ಕದ್ದು. ಚೀನದ ಫೂಜಿಯೆನ್ ಪ್ರಾಂತದ ಅನ್‌ಶಿಯೂ ವೂಯಿ ಬೆಟ್ಟಗಳೂ ಇದರ ತವರು. ತೀರ ಎಳೆಯ ಕುಡಿಯನ್ನು ಬಿಟ್ಟು ಸ್ವಲ್ಪ ಬಲಿತ ಎಲೆಯನ್ನೇ ಕೊಯ್ದು, ಬಿಸಿಲಿನಲ್ಲಿ ಬಾಡಿಸಿ, ಅಗಲವಾದ ಬಿದಿರಿನ ಮೊರಗಳಲ್ಲಿ ಹಾಕಿ, ಕೇರಿದಂತೆ ಕುಲುಕುತ್ತಾರೆ. ಎಲೆಗಳು ಒಂದಕ್ಕೊಂದು ತಾಕಿ ಅಂಚು ಜಜ್ಜಿಹೋಗುತ್ತದೆ, ನಡುವು ಹಾಗೆಯೇ ಉಳಿಯುತ್ತದೆ. ಕುಲುಕಿ, ವಿರಮಿಸಗೊಟ್ಟು, ಮತ್ತೆ ಕುಲುಕಿ, ಮತ್ತೆ ವಿರಮಿಸಗೊಟ್ಟು, ರಾತ್ರಿಯೆಲ್ಲ ಎಚ್ಚರವಿದ್ದು ಮಾಡುವ ಈ ಕೆಲಸದ ಕೊನೆಗೆ ಎಲೆಯ ಅಂಚು ಕೆಂಪಾಗಿ ನಡುವು ಹಸಿರಾಗಿ ನಿಲ್ಲುತ್ತದೆ. ಹಸಿ ವಾಸನೆ ಕಳೆದು ಹೂವಿನ ವಾಸನೆ ಹುಟ್ಟಿದ ಗಳಿಗೆಯನ್ನು ನೋಡಿ ಅದನ್ನು ಬಾಂಡಲೆಗೆ ಹಾಕುತ್ತಾರೆ. ಅರ್ಧ ಗಂಟೆ ಮುಂಚೆ ಹಾಕಿದರೆ ಒಂದು ಚಹಾ, ತಡವಾದರೆ ಇನ್ನೊಂದು. ಬದುವನ್ನು ಕಡಿಯುವುದೂ ಕಟ್ಟುವುದೂ ಎರಡೂ ಇಲ್ಲಿ ಒಂದೇ ಕೈಯ ಕೆಲಸ. ಯಾವಾಗ ಕಡಿಯಬೇಕು, ಯಾವಾಗ ಕಟ್ಟಬೇಕು ಎಂಬ ವಿವೇಕವು ಎಲೆಯಲ್ಲಿ ಅವ್ಯಕ್ತವಾಗಿ ಇದ್ದುದೆಂದು ಯಾವ ಸಾಂಖ್ಯನೂ ಹೇಳಲಾರನು. ಅದು ಇದ್ದುದು ಮೊರವನ್ನು ಹಿಡಿದವನಲ್ಲಿ.

ಪಾಕದಿಂದ ಹುಟ್ಟುವ ಗುಣಗಳ ವಿಷಯದಲ್ಲಿ ವೈಶೇಷಿಕರಿಗೂ ನೈಯಾಯಿಕರಿಗೂ ಒಂದು ಪ್ರಸಿದ್ಧವಾದ ಭಿನ್ನಾಭಿಪ್ರಾಯವುಂಟು. ಹಸಿ ಗಡಿಗೆ ಆವಗೆಯಲ್ಲಿ ಬೆಂದು ಕೆಂಪಾಗುವಾಗ, ಅದು ಪರಮಾಣುಗಳಾಗಿ ಬಿಡಿಬಿಡಿಯಾಗಿ, ಆ ಪರಮಾಣುಗಳು ಕೆಂಪಾಗಿ, ಮತ್ತೆ ಕೂಡಿ ಗಡಿಗೆಯಾಗುತ್ತದೆಂಬುದು ವೈಶೇಷಿಕರ ಪೀಲುಪಾಕವಾದ. ಗಡಿಗೆ ಒಡೆಯದೆ ಇಡಿಯಾಗಿ ಇದ್ದುಕೊಂಡೇ ಬೇಯುತ್ತದೆಂಬುದು ನೈಯಾಯಿಕರ ಪಿಠರಪಾಕವಾದ. ಇದನ್ನು ಓದಿ, ಇಷ್ಟು ಬುದ್ಧಿವಂತರು ಇಷ್ಟು ಸಣ್ಣ ವಿಷಯಕ್ಕೆ ಜಗಳವಾಡಿದರಲ್ಲ ಎಂದುಕೊಳ್ಳುವವರು ಬಹುಮಂದಿ. ಇಡಿಯಾಗಿ ಉಳಿದ ಊಲೊಂಗ್ ಎಲೆಯನ್ನೂ ಕಣಕಣವಾಗಿ ಹರಿದ ಸಿ.ಟಿ.ಸಿ. ಪುಡಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ರುಚಿ ನೋಡಿದವರಿಗೆ ಆ ಜಗಳ ಸಣ್ಣದೆಂದು ತೋರದು. ಅವಯವಿಯನ್ನು ಉಳಿಸಿಕೊಂಡು ಮಾಡುವ ಪಾಕಕ್ಕೂ ಒಡೆದು ಮಾಡುವ ಪಾಕಕ್ಕೂ ಫಲದಲ್ಲಿ ಮಹತ್ತಾದ ಅಂತರವಿದೆ.

ಬಿಳಿ ಚಹಾ ಮತ್ತು ಹಳದಿ ಚಹಾಗಳ ಮಾತನ್ನು ಸಂಕ್ಷೇಪವಾಗಿ ಮುಗಿಸಬಹುದು. ಫೂಜಿಯೆನ್ನಿನ ಫೂಡಿಂಗಿನಲ್ಲಿ ಬೆಳ್ಳಿಯ ರೋಮವುಳ್ಳ ಮೊಗ್ಗನ್ನು ಬಾಡಿಸಿ ಒಣಗಿಸುತ್ತಾರೆ, ಮತ್ತೇನನ್ನೂ ಮಾಡುವುದಿಲ್ಲ, ಅದು ಬಿಳಿಯದು. ಹುರಿದ ಎಲೆಯನ್ನು ಬಿಸಿಯಾಗಿರುವಾಗಲೇ ಕಾಗದದಲ್ಲಿಯೋ ಬಟ್ಟೆಯಲ್ಲಿಯೋ ಕಟ್ಟಿಟ್ಟು ಮಾಗಿಸಿದರೆ ಹಳದಿಯದು. ಆದರೆ ಯುನ್ನಾನ್ ಪ್ರಾಂತದ ಪೂ-ಅರ್ ಚಹಾವು ಬೇರೆಯೇ ಒಂದು ತತ್ತ್ವವನ್ನು ತರುತ್ತದೆ. ಅಲ್ಲಿಯ ದೊಡ್ಡೆಲೆಯ ಚಹಾವನ್ನು ಹದವಾಗಿ ಹುರಿದು, ಹೊಸೆದು, ಬಿಸಿಲಿನಲ್ಲಿ ಒಣಗಿಸಿ, ಹಬೆಯಾಡಿಸಿ, ಸಾಮಾನ್ಯವಾಗಿ 357 ಗ್ರಾಂ ತೂಕದ ಬಿಲ್ಲೆಗಳನ್ನಾಗಿ ಒತ್ತಿ, ವರ್ಷಾನುವರ್ಷ ಇಟ್ಟು ಹಳತಾಗಿಸುತ್ತಾರೆ. ಅಷ್ಟು ಕಾಲ ಕಾಯಲಾರದವರಿಗಾಗಿ, ಒದ್ದೆ ಮಾಡಿದ ಎಲೆಯನ್ನು ರಾಶಿ ಹಾಕಿ ಹಲವು ವಾರ ಮಾಗಿಸುವ ಕ್ರಮವು 1973ರಲ್ಲಿ ಕುನ್‌ಮಿಂಗ್ ಕಾರ್ಖಾನೆಯಲ್ಲಿ ರೂಪುಗೊಂಡಿತು. ಆ ರಾಶಿಯೊಳಗೆ ಬೂಷ್ಟು ಮೊದಲಾದ ಸೂಕ್ಷ್ಮಜೀವಿಗಳು ಬೆಳೆದು ಎಲೆಯನ್ನು ಮಾರ್ಪಡಿಸುತ್ತವೆ. ತೈವಾನಿನ ‘ಪೌರಸ್ತ್ಯ ಸುಂದರಿ’ ಎಂಬ ಊಲೊಂಗಿನ ಕಥೆಯೂ ಇಂಥದೇ. ಬೇಸಗೆಯಲ್ಲಿ ಸಣ್ಣ ಹಸಿರು ಜಿಗಿಹುಳು ಎಳೆಯ ಕುಡಿಯನ್ನು ಕಚ್ಚಿ ರಸ ಹೀರುತ್ತದೆ. ಆ ಗಾಯಕ್ಕೆ ಪ್ರತಿಯಾಗಿ ಗಿಡವು ಎಲೆಯಲ್ಲಿ ತುಂಬಿಕೊಳ್ಳುವ ದ್ರವ್ಯಗಳೇ ಆ ಚಹಾಕ್ಕೆ ಜೇನಿನ ಪರಿಮಳವನ್ನು ಕೊಡತಕ್ಕುವು. ಹುಳು ಕಚ್ಚದ ವರ್ಷ ಅದೇ ತೋಟದ ಅದೇ ಗಿಡ ಆ ಪರಿಮಳವನ್ನು ಕೊಡಲಾರದು. ಈ ಪರಿಮಳವೂ ಎಲೆಯಲ್ಲಿ ಮೊದಲೇ ಇತ್ತೆಂದು ಹೇಳುವುದಾದರೆ, ಇರುವಿಕೆ ಎಂಬುದಕ್ಕೆ ಉಳಿಯುವ ಅರ್ಥ ಬಹು ಸಣ್ಣದು.

ಬಟ್ಟಲಿಗೆ ಇಳಿಸುವ ಹೊತ್ತಿಗೂ ಈ ಪ್ರಶ್ನೆ ಬಗೆಹರಿದಿರುವುದಿಲ್ಲ. ನೆರಳಿನಲ್ಲಿ ಬೆಳೆಸಿದ ಜಪಾನಿನ ಗ್ಯೊಕುರೊ ಚಹಾಕ್ಕೆ ಐವತ್ತು ಅರುವತ್ತು ಡಿಗ್ರಿಗಿಂತ ಬಿಸಿಯಾದ ನೀರನ್ನು ಹಾಕಬಾರದು. ನಸುಬಿಸಿ ನೀರಿನಲ್ಲಿಯೂ ಸಿಹಿಯಾದ ದ್ರವ್ಯಗಳು ಕರಗುತ್ತವೆ, ಒಗರು ಮಾತ್ರ ಎಲೆಯಲ್ಲಿಯೇ ನಿಲ್ಲುತ್ತದೆ. ಅದೇ ಎಲೆಗೆ ಕುದಿಯುವ ನೀರನ್ನು ಹೊಯ್ದರೆ ಕಹಿ ಮುನ್ನುಗ್ಗಿ ಬಂದು ಸಿಹಿಯನ್ನು ಮುಚ್ಚುತ್ತದೆ. ಎಂಟನೆಯ ಶತಮಾನದ ಚೀನದಲ್ಲಿ ಚಹಾವನ್ನು ಕುರಿತು ಶಾಸ್ತ್ರವನ್ನೇ ಬರೆದ ಲೂ ಯು, ಅನಾಥನಾಗಿ ಬೌದ್ಧವಿಹಾರದಲ್ಲಿ ಬೆಳೆದವನು, ನೀರು ಕುದಿಯುವುದರಲ್ಲಿ ಮೂರು ಅವಸ್ಥೆಗಳನ್ನು ಗುರುತಿಸಿ, ಮೂರನೆಯದನ್ನು ಮೀರಿದ ನೀರು ಕುಡಿಯಲು ಯೋಗ್ಯವಲ್ಲವೆಂದು ವಿಧಿಸಿದನು. ನಮ್ಮಲ್ಲಿಯಾದರೋ ಪುಡಿಯನ್ನು ಹಾಲು ಸಕ್ಕರೆಗಳೊಡನೆ ಕುದಿಕುದಿಸುತ್ತೇವೆ. ಇದನ್ನು ಕಂಡು ಮೂಗು ಮುರಿಯುವವರ ಪಂಕ್ತಿಗೆ ನಾನು ಸೇರಲಾರೆ; ಹಾಲಿನ ಸಾರವು ಒಗರನ್ನು ಹಿಡಿದು ಮೃದುಗೊಳಿಸುತ್ತದೆ, ಸಿ.ಟಿ.ಸಿ. ಪುಡಿಗೆ ಅದೇ ತಕ್ಕ ಸಂಸ್ಕಾರ.

ಶಂಕರಾಚಾರ್ಯರು ಸಮನ್ವಯಾಧಿಕರಣದ ಭಾಷ್ಯದಲ್ಲಿ, ಸಂಸ್ಕಾರವೆಂಬುದು ಇಲ್ಲದ ಗುಣವೊಂದನ್ನು ಇಡುವುದರಿಂದಲಾದರೂ ಆಗಬೇಕು, ಇರುವ ದೋಷವೊಂದನ್ನು ಕಳೆಯುವುದರಿಂದಲಾದರೂ ಆಗಬೇಕು ಎಂದು ವಿಭಾಗಿಸಿ, ಮೋಕ್ಷವು ಈ ಎರಡು ಬಗೆಯಿಂದಲೂ ಸಾಧ್ಯವಾಗತಕ್ಕದ್ದಲ್ಲವೆಂದು ಸ್ಥಾಪಿಸಿದ್ದಾರೆ. ಆತ್ಮನ ವಿಷಯದಲ್ಲಿ ಆ ಸಿದ್ಧಾಂತಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅಂತಃಕರಣವು ಸಂಸ್ಕಾರಕ್ಕೆ ಒಳಪಡತಕ್ಕದ್ದೇ. ಅದರ ವಿಷಯದಲ್ಲಿ, ಇಡುವುದು ಕಳೆಯುವುದು ಎರಡರ ಜೊತೆಗೆ ಚಹಾದ ಎಲೆ ಮೂರನೆಯದೊಂದನ್ನು ಸೂಚಿಸುತ್ತದೆ. ಇರುವ ಹಲವು ಶಕ್ತಿಗಳಲ್ಲಿ ಒಂದಕ್ಕೆ ದಾರಿ ಬಿಟ್ಟು ಉಳಿದುವಕ್ಕೆ ದಾರಿ ಕಟ್ಟುವುದೇ ಆ ಮೂರನೆಯದು. ಮಗುವನ್ನು ಬೆಳೆಸುವ ತಾಯಿತಂದೆಗಳೂ, ಶಿಷ್ಯನನ್ನು ತಿದ್ದುವ ಗುರುವೂ, ಒಂದು ಜನಸಮುದಾಯಕ್ಕೆ ಶಾಲೆಯ ಬಾಗಿಲನ್ನು ತೆರೆಯುವ ಅಥವಾ ಮುಚ್ಚುವ ಸಮಾಜವೂ ಮಾಡುವ ಕೆಲಸ ಬಹುಪಾಲು ಇದೇ ಅಲ್ಲವೇ? ಮನುಷ್ಯನಿಗೆ ಎಲೆಗಿಲ್ಲದ ಸ್ವಪ್ರಯತ್ನವಿದೆ, ಕಟ್ಟಿದ ಬದುವನ್ನು ತಾನೇ ಕಡಿದುಕೊಂಡು ಹೊರಬಂದ ಧೀರರೂ ಇದ್ದಾರೆ. ಆದರೂ ಅಂಥ ಕೆಲವರ ಉದಾಹರಣೆಯಿಂದ ಬದು ಕಟ್ಟಿದವರ ಹೊಣೆ ತಪ್ಪುವುದಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಮ್ಮವರು ಹೇಳುತ್ತಾರೆ. ಒಂದು ಮಿತಿಯಲ್ಲಿ ಆ ಮಾತು ಸರಿ: ಮಾವಿನ ಎಲೆ ಚಹಾ ಆಗದು, ಅಸ್ಸಾಮಿನ ದೊಡ್ಡೆಲೆಗೂ ಚೀನದ ಸಣ್ಣೆಲೆಗೂ ಹುಟ್ಟಿನಿಂದ ಬಂದ ಭೇದವೂ ಉಂಟು. ಆ ಮಿತಿಯಾಚೆಗೆ, ಹುಟ್ಟುಗುಣಗಳಲ್ಲಿ ಯಾವುದು ಉಳಿಯಬೇಕು ಯಾವುದು ಹೋಗಬೇಕು ಎಂಬುದನ್ನು ಗೊತ್ತುಮಾಡುವುದು ಸುಡುವ ಕಾಲವೂ ಸುಡುವ ಕ್ರಮವೂ. ಆದುದರಿಂದ ಶಕ್ತಿಯು ಕಾರಣದಲ್ಲಿದೆ ಎಂಬಷ್ಟಕ್ಕೆ ನಾನು ಸಾಂಖ್ಯರನ್ನು ಒಪ್ಪುತ್ತೇನೆ; ಫಲವು ಕಾರಣದಲ್ಲಿಲ್ಲ, ಮಾಡುವವನ ಕೈಯಿಂದ ಹೊಸದಾಗಿ ಆಗತಕ್ಕದ್ದು ಎಂಬಲ್ಲಿ ನೈಯಾಯಿಕರೇ ಸರಿ. ಫಲದ ಭೇದವನ್ನು ಕಂಡು ಜನ್ಮದ ಭೇದವನ್ನು ಊಹಿಸುವ ತರ್ಕವು ಗಿಡದ ವಿಷಯದಲ್ಲಿ ಸುಳ್ಳಾಯಿತು. ಮನುಷ್ಯರ ವಿಷಯದಲ್ಲಿ ಅದನ್ನು ಇಂದಿಗೂ ನಿಃಸಂಕೋಚವಾಗಿ ಬಳಸುವವರಿದ್ದಾರೆ. ಒಬ್ಬನನ್ನೋ ಒಂದು ಕುಲವನ್ನೋ ತೋರಿಸಿ ‘ಅವರ ಸ್ವಭಾವವೇ ಅಷ್ಟು’ ಎನ್ನುವ ಮಾತನ್ನು ಪ್ರಮಾಣವೆಂದು ನಾನು ಒಪ್ಪಲಾರೆ. ಅವರಿಗೆ ಯಾವ ಪಾಕ ದೊರೆಯಿತು, ಎಷ್ಟು ಹೊತ್ತಿಗೆ ದೊರೆಯಿತು ಎಂಬುದನ್ನು ವಾದಿಯು ಮೊದಲು ತೋರಿಸಲಿ. ಆ ವಾದಕ್ಕೆ ಕಿವಿಗೊಡುವುದು ಅನಂತರದ ಮಾತು.